ಶಸ್ತ್ರಚಿಕಿತ್ಸೆಯ ನಂತರ ಕೀಮೋಥೆರಪಿ: ಮನೆಯವರ ಪಾಲಿನ ಕೆಲಸ

ಪ್ರಶ್ನೆ: ನನ್ನ ತಾಯಿಗೆ 62 ವರ್ಷ. ನಾಲ್ಕು ವಾರಗಳ ಹಿಂದೆ ಅವರ ದೊಡ್ಡ ಕರುಳಿನ ಬಲಭಾಗದಲ್ಲಿದ್ದ ಕ್ಯಾನ್ಸರ್ ಗಡ್ಡೆಯನ್ನು ಶಸ್ತ್ರಚಿಕಿತ್ಸೆ ಮಾಡಿ ತೆಗೆದರು. ಗಡ್ಡೆ ಪೂರ್ತಿಯಾಗಿ ಹೊರಬಂದಿದೆ ಎಂದು ಸರ್ಜನ್ ಹೇಳಿದಾಗ ನಮಗೆಲ್ಲ ಹೋದ ಜೀವ ಬಂದಂತಾಗಿತ್ತು. ಆದರೆ ಆಮೇಲೆ ಬಂದ ವರದಿಯಲ್ಲಿ 21 ದುಗ್ಧಗ್ರಂಥಿಗಳ (ಲಿಂಫ್ ನೋಡ್) ಪೈಕಿ 3ರಲ್ಲಿ ಕ್ಯಾನ್ಸರ್ ಕಣಗಳು ಕಂಡಿವೆ ಎಂದಿದೆ. ಈಗ ಮೂರು ತಿಂಗಳ ಕೀಮೋಥೆರಪಿ ಬೇಕೆನ್ನುತ್ತಿದ್ದಾರೆ: 21 ದಿನಗಳಿಗೊಮ್ಮೆ ಡ್ರಿಪ್‌ನಲ್ಲಿ ಆಕ್ಸಾಲಿಪ್ಲಾಟಿನ್, ಜೊತೆಗೆ ಕ್ಯಾಪೆಸಿಟಬೀನ್ ಮಾತ್ರೆ. ಅಮ್ಮನಿಗೆ ಇನ್ನೂ ಸುಸ್ತಿದೆ, ಊಟ ಸೇರುವುದಿಲ್ಲ. ಗಡ್ಡೆಯೇ ಇಲ್ಲದ ಮೇಲೆ ಕೀಮೋ ಏಕೆ? ಇಂಥ ನಿತ್ರಾಣದಲ್ಲಿ ಆರಂಭಿಸುವ ಬದಲು ಇನ್ನೆರಡು ತಿಂಗಳು ಕಾಯಬಹುದೇ? ಅಪ್ಪ, ಅಣ್ಣ ಮತ್ತು ನಾನು ಮೂವರೂ ಜೊತೆಗಿದ್ದೇವೆ, ಆದರೆ ಏನು ಮಾಡಬೇಕೆಂದು ತಿಳಿಯುತ್ತಿಲ್ಲ. ಗ್ರಂಥಿಗಳ ವಿಷಯವನ್ನು ಅಮ್ಮನಿಗೆ ಹೇಳುವುದೇ ಬೇಡ ಎನ್ನುತ್ತಾನೆ ಅಣ್ಣ.

ಉತ್ತರ: ನಿಮ್ಮ ಪ್ರಶ್ನೆಯ ಮೊದಲ ಭಾಗದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಗದಿದ್ದರೆ ಮುಂದಿನ ಮೂರು ತಿಂಗಳ ಕಷ್ಟಕ್ಕೆ ನಿಮ್ಮ ತಾಯಿಯವರ ಮನಸ್ಸು ಒಪ್ಪುವುದಿಲ್ಲ. ಗಡ್ಡೆ ಪೂರ್ತಿಯಾಗಿ ಹೊರಬಂದಿದೆ ಎಂದ ಸರ್ಜನ್ ಸುಳ್ಳು ಹೇಳಿಲ್ಲ. ಕಣ್ಣಿಗೆ ಕಾಣುವುದನ್ನು, ಕೈಗೆ ಸಿಗುವುದನ್ನು, ಅಂಚಿನಲ್ಲಿ ಆರೋಗ್ಯವಂತ ಕರುಳನ್ನೂ ಸೇರಿಸಿಕೊಂಡು, ಅವರು ತೆಗೆದಿದ್ದಾರೆ. ಆದರೆ ದುಗ್ಧಗ್ರಂಥಿಯವರೆಗೆ ಕ್ಯಾನ್ಸರ್ ಕಣಗಳು ತಲುಪಿವೆ ಎಂದರೆ ಗಡ್ಡೆಯಿಂದ ಕಳಚಿಕೊಂಡು ಪ್ರಯಾಣ ಮಾಡುವ ಶಕ್ತಿ ಅವುಗಳಿಗೆ ಬಂದಿತ್ತು ಎಂದರ್ಥ. ಹಾಗೆ ಹೊರಟ ಕಣಗಳಲ್ಲಿ ಕೆಲವು ಗ್ರಂಥಿಯಲ್ಲಿ ನಿಂತಿರುತ್ತವೆ. ಕೆಲವು ರಕ್ತದ ಮೂಲಕ ಯಕೃತ್ತಿಗೋ ಶ್ವಾಸಕೋಶಕ್ಕೋ ಹೋಗಿ ಕುಳಿತಿರಬಹುದು. ಅವು ಯಾವ ಸ್ಕ್ಯಾನಿಗೂ ಕಾಣುವಷ್ಟು ದೊಡ್ಡವಲ್ಲ. ಕೀಮೋ ಕೊಡುವುದು ಹಾಗೆ ಉಳಿದಿರಬಹುದಾದ ಕಣಗಳಿಗಾಗಿ. ಇದರಲ್ಲಿ ಒಂದು ಕಹಿಯಾದ ಸಂಗತಿಯೂ ಇದೆ: ಶಸ್ತ್ರಚಿಕಿತ್ಸೆಯೊಂದರಿಂದಲೇ ಗುಣವಾಗಿಬಿಟ್ಟವರು ಯಾರು, ಕಣಗಳು ಉಳಿದಿರುವವರು ಯಾರು ಎಂಬುದನ್ನು ಇಂದು ಪೂರ್ತಿ ಖಚಿತವಾಗಿ ಹೇಳಲಾಗದ ಕಾರಣ, ಬೇಕಿಲ್ಲದ ಕೆಲವರಿಗೂ ಔಷಧಿ ಕೊಟ್ಟಂತಾಗುತ್ತದೆ. ಮೂರನೆಯ ಹಂತದ ಕರುಳಿನ ಕ್ಯಾನ್ಸರಿನಲ್ಲಿ, ಎಂದರೆ ಗ್ರಂಥಿಗಳಿಗೆ ತಲುಪಿದ್ದು ಬೇರೆ ಅಂಗಗಳಲ್ಲಿ ಕಾಣದ ಹಂತದಲ್ಲಿ, ಕೀಮೋಥೆರಪಿಯು ಕಾಯಿಲೆ ಮರಳುವುದನ್ನೂ ಸಾವನ್ನೂ ತಗ್ಗಿಸುತ್ತದೆ ಎಂಬುದು 1990ರಿಂದ ಈಚೆಗೆ ಮತ್ತೆ ಮತ್ತೆ ದೃಢಪಟ್ಟಿರುವುದರಿಂದ ಈ ಬೆಲೆಯನ್ನು ತೆರಲು ವೈದ್ಯರು ಸಲಹೆ ನೀಡುತ್ತಾರೆ.

ಮೂರೇ ತಿಂಗಳು ಎಂದಿರುವುದನ್ನು ಕೇಳಿ, ‘ಇತರರಿಗೆ ಆರು ತಿಂಗಳು ಕೊಡುತ್ತಾರಲ್ಲ, ನಮಗೇಕೆ ಕಡಿಮೆ’ ಎಂಬ ಅನುಮಾನ ಮುಂದೆ ನಿಮ್ಮಲ್ಲಿ ಯಾರಿಗಾದರೂ ಬರಬಹುದು. ಹಿಂದೆ ಎಲ್ಲರಿಗೂ ಆರು ತಿಂಗಳೇ ಇತ್ತು. 12 ದೇಶಗಳ 12,834 ರೋಗಿಗಳಿದ್ದ ಆರು ಅಧ್ಯಯನಗಳನ್ನು ಒಟ್ಟುಗೂಡಿಸಿದ ಫಲಿತಾಂಶ 2018ರಲ್ಲಿ ಪ್ರಕಟವಾದಾಗ ಲೆಕ್ಕ ಬದಲಾಯಿತು. ಮೂರು ವರ್ಷಗಳ ಕೊನೆಗೆ ಕಾಯಿಲೆಯಿಲ್ಲದೆ ಬದುಕಿದ್ದವರು ಮೂರು ತಿಂಗಳ ಗುಂಪಿನಲ್ಲಿ ನೂರಕ್ಕೆ 74.6, ಆರು ತಿಂಗಳ ಗುಂಪಿನಲ್ಲಿ 75.5. ನಿಮ್ಮ ತಾಯಿಯವರಂತೆ ಒಂದರಿಂದ ಮೂರು ಗ್ರಂಥಿಗಳಲ್ಲಷ್ಟೇ ಕ್ಯಾನ್ಸರ್ ಇದ್ದು, ಗಡ್ಡೆಯು ಕರುಳಿನ ಹೊರಪದರವನ್ನು ದಾಟಿಲ್ಲದವರಿಗೆ ಆಕ್ಸಾಲಿಪ್ಲಾಟಿನ್ ಮತ್ತು ಕ್ಯಾಪೆಸಿಟಬೀನ್ ಜೋಡಿಯನ್ನು ಮೂರು ತಿಂಗಳು ಕೊಟ್ಟರೆ ಆರು ತಿಂಗಳಿಗೆ ಏನೂ ಕಡಿಮೆಯಾಗಲಿಲ್ಲ. ನರಗಳಿಗೆ ಆಗುವ ಹಾನಿಯಲ್ಲಿ ಮಾತ್ರ ದೊಡ್ಡ ವ್ಯತ್ಯಾಸವಿತ್ತು: ದಿನದ ಕೆಲಸಕ್ಕೆ ಅಡ್ಡಿಯಾಗಬಲ್ಲಷ್ಟು ಜೋಮು, ಉರಿ ಅನುಭವಿಸಿದವರು ಈ ಜೋಡಿಯನ್ನು ಆರು ತಿಂಗಳು ಪಡೆದವರಲ್ಲಿ ನೂರಕ್ಕೆ ಸುಮಾರು 45, ಮೂರು ತಿಂಗಳು ಪಡೆದವರಲ್ಲಿ ಸುಮಾರು 14. ಆದ್ದರಿಂದ ನಿಮಗೆ ಸೂಚಿಸಿರುವ, 21 ದಿನಕ್ಕೊಂದರಂತೆ ಮೂರು ತಿಂಗಳಲ್ಲಿ ಬರುವ ನಾಲ್ಕು ಸುತ್ತುಗಳನ್ನು ಅರ್ಧ ಚಿಕಿತ್ಸೆ ಎಂದು ತಿಳಿಯಬೇಡಿ. ಗಡ್ಡೆ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದನ್ನು ವರದಿಯಲ್ಲಿ ತೋರಿಸಿ ಹೇಳುವಂತೆ ಕೀಮೋ ಕೊಡುವ ಕ್ಯಾನ್ಸರ್ ತಜ್ಞರನ್ನು (ಆಂಕಾಲಜಿಸ್ಟ್) ಕೇಳಬಹುದು. ಅವಧಿಯ ತೀರ್ಮಾನ ನಿಂತಿರುವುದು ಅದರ ಮೇಲೆಯೇ.

ಇನ್ನು ಕಾಯುವ ವಿಚಾರ. ಶಸ್ತ್ರಚಿಕಿತ್ಸೆಯಾದ ಆರರಿಂದ ಎಂಟು ವಾರಗಳೊಳಗೆ ಕೀಮೋ ಆರಂಭವಾಗಬೇಕು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಗುರಿ. 15,000ಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಆರಂಭವು ನಾಲ್ಕು ವಾರ ತಡವಾದಾಗಲೆಲ್ಲ ಸಾವಿನ ಅಪಾಯ ಇದ್ದುದಕ್ಕಿಂತ ಸುಮಾರು ಶೇಕಡಾ 14ರಷ್ಟು ಏರುವುದು ಕಂಡಿತು. ತಡವಾಗಿ ಆರಂಭಿಸಿದವರಲ್ಲಿ ಹೆಚ್ಚು ನಿತ್ರಾಣರಾದವರೂ ಇದ್ದಿರುತ್ತಾರೆ ಎಂಬುದರಿಂದ ಇಡೀ ದೋಷವನ್ನು ತಡದ ಮೇಲೆಯೇ ಹೊರಿಸಲಾಗದು. ಆದರೂ ಇನ್ನೆರಡು ತಿಂಗಳು ಕಾಯುವುದು ಸರಿಯಾದ ದಾರಿಯಲ್ಲ ಎನ್ನಲು ಇಷ್ಟು ಸಾಕು. ಹಾಗೆಂದು ಮಾಗದ ಗಾಯದ ಮೇಲೆ, ಸೋಂಕು ಇರುವಾಗ, ನಾಳೆಯೇ ಶುರುಮಾಡಬೇಕೆಂಬ ಆತುರವೂ ಬೇಡ. ನಿಮ್ಮ ಕೈಯಲ್ಲಿ ಈಗ ಇರುವುದು ಎರಡರಿಂದ ನಾಲ್ಕು ವಾರ. ಆ ವಾರಗಳನ್ನು ವಿಶ್ರಾಂತಿಯ ಕಾಲವೆಂದು ಕಳೆಯದೆ, ಸಿದ್ಧತೆಯ ಕಾಲವೆಂದು ಬಳಸಿಕೊಳ್ಳಿ.

ಆಂಕಾಲಜಿಸ್ಟರು ಮೊದಲ ಭೇಟಿಯಲ್ಲಿ ರಕ್ತಪರೀಕ್ಷೆಯ ಜೊತೆಗೆ ಗಮನಿಸುವ ಇನ್ನೊಂದು ಸರಳ ಸಂಗತಿಯಿದೆ: ರೋಗಿ ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಮಯ ಹಾಸಿಗೆಯಲ್ಲಿ ಇರುತ್ತಾರೆಯೇ, ಅಥವಾ ಎದ್ದು ಓಡಾಡಿಕೊಂಡು ತಮ್ಮ ಸ್ನಾನ, ಬಟ್ಟೆ, ಊಟವನ್ನು ತಾವೇ ನೋಡಿಕೊಳ್ಳುತ್ತಾರೆಯೇ? ಕೀಮೋವನ್ನು ದೇಹ ತಡೆದುಕೊಳ್ಳುವುದೇ ಎಂಬುದನ್ನು ವಯಸ್ಸಿಗಿಂತ ಇದು ಚೆನ್ನಾಗಿ ಹೇಳುತ್ತದೆ. ಆದ್ದರಿಂದ ಕೈಗೆ ಎಲ್ಲವನ್ನೂ ತಂದುಕೊಟ್ಟು ಮಲಗಿಸಿಡುವ ಪ್ರೀತಿ ಈ ಹೊತ್ತಿಗೆ ತಕ್ಕುದಲ್ಲ. ದಿನಕ್ಕೆ ಮೂರು ನಾಲ್ಕು ಬಾರಿ, ಐದು ನಿಮಿಷದಿಂದ ಆರಂಭಿಸಿ, ನಡೆಸಿ. ಎರಡು ದಿನಕ್ಕೊಮ್ಮೆ ಒಂದೆರಡು ನಿಮಿಷ ಹೆಚ್ಚಿಸಿ. ಹೊಟ್ಟೆಯ ಗೋಡೆ ಗಟ್ಟಿಯಾಗಲು ಸುಮಾರು ಆರು ವಾರ ಬೇಕಾಗುವುದರಿಂದ ಅಲ್ಲಿಯವರೆಗೆ ತುಂಬಿದ ಬಿಂದಿಗೆಯಂಥ ಭಾರವನ್ನು ಅವರು ಎತ್ತಬಾರದು. ಆದರೆ ಭಾರ ಎತ್ತಬಾರದು ಎಂಬುದಕ್ಕೂ ಎದ್ದು ನಡೆಯಬಾರದು ಎಂಬುದಕ್ಕೂ ಬಹಳ ಅಂತರವಿದೆ. ಒಂದು ಕಾಲು ಮಾತ್ರ ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಏದುಸಿರು ಬರುವುದು ರಕ್ತ ಹೆಪ್ಪುಗಟ್ಟಿರುವುದರ ಲಕ್ಷಣವಾಗಿರಬಹುದು. ಕ್ಯಾನ್ಸರ್ ಮತ್ತು ಹೊಟ್ಟೆಯ ಶಸ್ತ್ರಚಿಕಿತ್ಸೆ ಎರಡೂ ಆ ಅಪಾಯವನ್ನು ಹೆಚ್ಚಿಸುತ್ತವೆ, ಆದ್ದರಿಂದ ಅಂಥದ್ದು ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಗಾಯದ ಸುತ್ತ ಕೆಂಪು ಹರಡುವುದು, ಕೀವು, ಜ್ವರ, ಹೊಟ್ಟೆ ಉಬ್ಬರದ ಜೊತೆಗೆ ವಾಂತಿ ಕಂಡರೂ ಹಾಗೆಯೇ.

ಕರುಳಿನ ಬಲಭಾಗ ತೆಗೆದ ಮೇಲೆ ಮಲ ತೆಳ್ಳಗಾಗುವುದು, ದಿನಕ್ಕೆ ಒಂದೆರಡು ಬಾರಿ ಹೆಚ್ಚು ಹೋಗುವುದು ಸಾಮಾನ್ಯ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿದ್ದ ಕವಾಟ ಹೋಗಿರುತ್ತದೆ, ಪಿತ್ತರಸವೂ ಮೊದಲಿನಷ್ಟು ಹೀರಲ್ಪಡುವುದಿಲ್ಲ. ಇದರ ಲೆಕ್ಕವನ್ನು ಈಗಲೇ ಬರೆದಿಟ್ಟುಕೊಳ್ಳಿ ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ. ಕೀಮೋ ಆರಂಭವಾದ ಮೇಲೆ ‘ಎಷ್ಟು ಬಾರಿ ಭೇದಿಯಾಯಿತು’ ಎಂದು ವೈದ್ಯರು ಕೇಳುವಾಗ ಅವರಿಗೆ ಬೇಕಾಗಿರುವುದು ಮಾಮೂಲಿಗಿಂತ ಎಷ್ಟು ಹೆಚ್ಚು ಎಂಬ ಉತ್ತರ, ಮತ್ತು ಮಾಮೂಲು ಯಾವುದೆಂದು ಗೊತ್ತಿಲ್ಲದವರು ಆ ಉತ್ತರ ಕೊಡಲಾರರು.

ಊಟದ ವಿಷಯದಲ್ಲಿ ಮನೆಗಳಲ್ಲಿ ನಡೆಯುವ ಜಗಳವನ್ನು ನಾನು ಬಹಳ ಕೇಳಿದ್ದೇನೆ. ತಟ್ಟೆ ತುಂಬ ಬಡಿಸಿ ‘ಇಷ್ಟಾದರೂ ತಿನ್ನಿ’ ಎನ್ನುವವರು ಒಂದು ಕಡೆ, ನೋಡಿದರೇ ಹೊಟ್ಟೆ ತೊಳಸುವ ರೋಗಿ ಇನ್ನೊಂದು ಕಡೆ. ಇಬ್ಬರೂ ಸೋಲುತ್ತಾರೆ. ಮೂರು ದೊಡ್ಡ ಊಟಗಳ ಬದಲು ಆರು ಸಣ್ಣ ಊಟಗಳನ್ನು ಇಡಿ, ಮತ್ತು ಪ್ರತಿಯೊಂದರಲ್ಲಿಯೂ ಕಾಳು, ಹಾಲು, ಮೊಟ್ಟೆ ಮೊದಲಾದ ಯಾವುದಾದರೊಂದು ಪ್ರೋಟೀನ್ ಇರಲಿ. ಕ್ಯಾನ್ಸರ್ ರೋಗಿಗಳಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1 ಗ್ರಾಮಿಗಿಂತ ಹೆಚ್ಚು, ಸಾಧ್ಯವಾದರೆ 1.5 ಗ್ರಾಮಿನವರೆಗೆ ಪ್ರೋಟೀನ್ ಬೇಕು. 55 ಕಿಲೋ ತೂಗುವವರಿಗೆ ಇದು 55ರಿಂದ 80 ಗ್ರಾಮಿನಷ್ಟಾಗುತ್ತದೆ. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಕ ನೋಡಿ ಬರೆದಿಡಿ. ದಿನವೂ ನೋಡಿದರೆ ಆತಂಕ ಮಾತ್ರ ಬೆಳೆಯುತ್ತದೆ. ತೂಕ ಇಳಿಯುತ್ತಲೇ ಇದ್ದರೆ ಆಹಾರತಜ್ಞರನ್ನು ಕಾಣಲು ಕೀಮೋ ಮುಗಿಯುವವರೆಗೆ ಕಾಯಬೇಡಿ. ಬಲಭಾಗದ ಗಡ್ಡೆಗಳು ತಿಂಗಳುಗಟ್ಟಲೆ ಸದ್ದಿಲ್ಲದೆ ರಕ್ತ ಒಸರಿಸುವುದರಿಂದ ಕಬ್ಬಿಣದ ಕೊರತೆ ಇವರಲ್ಲಿ ಬಹಳ ಸಾಮಾನ್ಯ. ನಿಮ್ಮ ತಾಯಿಯವರ ಸುಸ್ತಿನ ಒಂದು ಪಾಲು ಅದರಿಂದಲೇ ಬಂದಿರಬಹುದು; ಹಿಮೋಗ್ಲೋಬಿನ್ ಮತ್ತು ದೇಹದ ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್ ನೋಡಿದ್ದಾರೆಯೇ ಎಂದು ಕೇಳಿ.

ಈಗ ನಿಮ್ಮ ಅಣ್ಣನ ಮಾತಿಗೆ ಬರುತ್ತೇನೆ. ಅವರು ಹಾಗೆ ಹೇಳುತ್ತಿರುವುದು ಅಮ್ಮನ ಮೇಲಿನ ಅಕ್ಕರೆಯಿಂದ ಎಂಬುದರಲ್ಲಿ ನನಗೆ ಸಂದೇಹವಿಲ್ಲ, ಆದರೆ ನಾನು ಅದನ್ನು ಒಪ್ಪುವುದಿಲ್ಲ. ಕೀಮೋಥೆರಪಿಗೆ ಸಹಿ ಹಾಕಬೇಕಾದವರು ನಿಮ್ಮ ತಾಯಿಯವರು. ಏಕೆ ಎಂದು ತಿಳಿಯದೆ ಹಾಕಿದ ಸಹಿಗೆ ಅರ್ಥವಿಲ್ಲ. ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಕಾರಣ ಬೇರೆ. ತಾವು ತೆಗೆದುಕೊಳ್ಳುತ್ತಿರುವುದು ಶಕ್ತಿ ಬರುವ ಔಷಧಿ ಎಂದು ನಂಬಿರುವ ರೋಗಿಗೆ, ಮೂರನೆಯ ದಿನ ಅಂಗೈ ಉರಿದಾಗಲೋ ಹತ್ತನೆಯ ದಿನ ಚಳಿ ಬಂದಾಗಲೋ ಅದು ಔಷಧಿಯಿಂದ ಬಂದದ್ದು, ಹೇಳಬೇಕಾದದ್ದು ಎಂದು ಹೊಳೆಯುವುದೇ ಇಲ್ಲ. ಮಕ್ಕಳಿಗೆ ತೊಂದರೆ ಏಕೆಂದು ನುಂಗಿಕೊಂಡು ಮಲಗುತ್ತಾರೆ. ನಾಲ್ಕು ಜನರ ಮನೆಯಲ್ಲಿ ಮೂವರಿಗೆ ಗೊತ್ತಿರುವ ಗುಟ್ಟು ನಾಲ್ಕನೆಯವರಿಗೆ ಮುಖ ನೋಡಿಯೇ ತಿಳಿದಿರುತ್ತದೆ ಎಂಬುದು ಬೇರೆ ಮಾತು. ಹೇಳುವುದೆಂದರೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುವುದಲ್ಲ. ‘ಅಮ್ಮಾ, ವರದಿ ಬಂದಿದೆ. ಅದರಲ್ಲಿರುವುದನ್ನು ವಿವರವಾಗಿ ತಿಳಿದುಕೊಳ್ಳುತ್ತೀರಾ, ಮುಖ್ಯವಾದದ್ದನ್ನು ಮಾತ್ರ ಹೇಳಿದರೆ ಸಾಕೇ?’ ಎಂದು ಅವರನ್ನೇ ಕೇಳಿ. ‘ನೀವೇ ನೋಡಿಕೊಳ್ಳಿ, ನನಗೆ ಬೇಡ’ ಎಂದು ಅವರು ಹೇಳಿದರೆ ಅದೂ ಅವರ ತೀರ್ಮಾನವೇ, ಅದನ್ನು ಗೌರವಿಸಿ. ಅಣ್ಣನಿಗೆ ತಾವೇ ಹೇಳುವ ಧೈರ್ಯವಿಲ್ಲದಿದ್ದರೆ ವೈದ್ಯರಿಂದ ಹೇಳಿಸಬಹುದು. ಆ ಕೊಠಡಿಯಲ್ಲಿ ಅವರು ಜೊತೆಗಿರಲಿ.

ಚಿಕಿತ್ಸೆಯ ಲೆಕ್ಕವನ್ನು ಒಮ್ಮೆ ನೋಡಿ. ಮೊದಲ ದಿನ ಸುಮಾರು ಎರಡು ಗಂಟೆಗಳ ಕಾಲ ಆಕ್ಸಾಲಿಪ್ಲಾಟಿನ್ ಡ್ರಿಪ್. ಅದರೊಡನೆ 14 ದಿನ ಬೆಳಿಗ್ಗೆ ಸಂಜೆ ಕ್ಯಾಪೆಸಿಟಬೀನ್ ಮಾತ್ರೆ. ಆಮೇಲೆ 7 ದಿನ ಬಿಡುವು. 21 ದಿನಗಳಲ್ಲಿ ಆಸ್ಪತ್ರೆಯವರ ಕಣ್ಣೆದುರು ಇರುವುದು ಹೆಚ್ಚುಕಡಿಮೆ ಒಂದು ದಿನ, ಉಳಿದ 20 ದಿನ ಮನೆಯಲ್ಲಿ. ಅಡ್ಡಪರಿಣಾಮಗಳೆಲ್ಲ ಬಹುಪಾಲು ಆ 20 ದಿನಗಳಲ್ಲೇ ಬರುತ್ತವೆ. ಮನೆಯವರ ಬೆಂಬಲ ಎಂದಾಗ ಎಲ್ಲರೂ ಧೈರ್ಯ ತುಂಬುವುದನ್ನೇ ನೆನೆಯುತ್ತಾರೆ. ಧೈರ್ಯ ಬೇಕು, ಬೇಡವೆನ್ನುವುದಿಲ್ಲ. ಆದರೆ ರೋಗಿಯ ಜೀವಕ್ಕೆ ಹೆಚ್ಚು ಒದಗುವುದು ಗಮನಿಸಿ, ಬರೆದು, ಹೊತ್ತಿಗೆ ಸರಿಯಾಗಿ ಫೋನ್ ಮಾಡುವ ಕೆಲಸ. ಅಮೆರಿಕದಲ್ಲಿ ಕೀಮೋ ಪಡೆಯುತ್ತಿದ್ದ 766 ರೋಗಿಗಳ ಒಂದು ಅಧ್ಯಯನದಲ್ಲಿ, ತಮ್ಮ ಲಕ್ಷಣಗಳನ್ನು ಕಂಪ್ಯೂಟರಿನಲ್ಲಿ ನಿಯಮಿತವಾಗಿ ದಾಖಲಿಸಿ, ಅವು ಬಿಗಡಾಯಿಸಿದಾಗ ನರ್ಸ್‌ಗೆ ಸೂಚನೆ ಹೋಗುವ ಏರ್ಪಾಡು ಇದ್ದವರ ಮಧ್ಯಾಂಕ ಆಯುಸ್ಸು (ಅರ್ಧದಷ್ಟು ಜನ ಬದುಕಿದ್ದ ಅವಧಿ) 31.2 ತಿಂಗಳಿತ್ತು, ಮಾಮೂಲಿ ರೀತಿಯಲ್ಲಿ ನೋಡಿಕೊಂಡವರದು 26 ತಿಂಗಳು. ಅವರದು ಬೇರೆ ಅಂಗಗಳಿಗೆ ಹರಡಿದ್ದ ಕಾಯಿಲೆಯಾದ್ದರಿಂದ ಆ ತಿಂಗಳುಗಳ ಲೆಕ್ಕ ನಿಮ್ಮ ತಾಯಿಯವರಿಗೆ ಅನ್ವಯಿಸುವುದಿಲ್ಲ. ಆದರೆ ಹೊಸ ಔಷಧಿಯೊಂದೂ ಇಲ್ಲದೆ, ಹೇಳುವುದು ಕೇಳುವುದರಿಂದಲೇ ಅಷ್ಟು ವ್ಯತ್ಯಾಸವಾಯಿತು ಎಂಬುದನ್ನು ಎಲ್ಲ ಮನೆಗಳೂ ತಿಳಿದಿರಬೇಕು.

ಆದ್ದರಿಂದ ಒಂದು ನೋಟ್‌ಬುಕ್ ಇಡಿ, ಮತ್ತು ಅದು ಒಬ್ಬರ ಜವಾಬ್ದಾರಿಯಾಗಿರಲಿ. ಪ್ರಶ್ನೆ ಬರೆದವರು ನೀವಾದ್ದರಿಂದ ಅದು ನಿಮ್ಮ ಪಾಲಿಗೇ ಬರಬಹುದು. ದಿನಕ್ಕೊಂದು ಪುಟ ಸಾಕು: ಬೆಳಿಗ್ಗೆ ಸಂಜೆಯ ಜ್ವರ, ಮಾತ್ರೆ ನುಂಗಿದ ಹೊತ್ತು, ಎಷ್ಟು ಬಾರಿ ಭೇದಿ, ಎಷ್ಟು ಬಾರಿ ವಾಂತಿ, ಎಷ್ಟು ನೀರು, ಬಾಯಿ, ಅಂಗೈ, ಅಂಗಾಲು ಹೇಗಿವೆ. ಆಸ್ಪತ್ರೆಯೊಡನೆ ಮಾತನಾಡುವುದೂ ಒಬ್ಬರೇ ಇರಲಿ. ಮೂವರು ಮೂರು ಕಡೆ ಕೇಳಿ ಮೂರು ಉತ್ತರ ತಂದರೆ ಗೊಂದಲ ಬೆಳೆಯುತ್ತದೆ. ರಾತ್ರಿ ಎದ್ದು ಕರೆದೊಯ್ಯುವ ಕೆಲಸವನ್ನು ಅಣ್ಣ ಹೊರಲಿ. ನಿಮ್ಮ ತಂದೆಯವರನ್ನು ಮರೆಯಬೇಡಿ. ಈ ಹೊತ್ತಿನಲ್ಲಿ ಗಂಡಂದಿರು ಮಾತಿಲ್ಲದೆ ಮೂಲೆಗೆ ಸರಿಯುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ. ಅಮ್ಮನ ಜೊತೆ ದಿನವೂ ನಡೆಯುವ ಕೆಲಸವನ್ನು ಅವರಿಗೆ ಒಪ್ಪಿಸಿ. ಇಬ್ಬರಿಗೂ ಅದರಿಂದ ಒಳಿತಾಗುತ್ತದೆ.

ಯಾವುದಕ್ಕೆ ಫೋನ್ ಮಾಡಬೇಕು, ಯಾವುದಕ್ಕೆ ನೇರವಾಗಿ ಹೋಗಬೇಕು ಎಂಬುದನ್ನು ಸ್ಪಷ್ಟವಾಗಿ ಹೇಳುತ್ತೇನೆ. ಮೊದಲನೆಯದು ಜ್ವರ. ಕೀಮೋ ಕೊಟ್ಟ ಮೇಲೆ ಸಾಮಾನ್ಯವಾಗಿ ಎರಡನೆಯ ವಾರದ ಹೊತ್ತಿಗೆ ಬಿಳಿ ರಕ್ತಕಣಗಳು ಅತ್ಯಂತ ಕೆಳಮಟ್ಟಕ್ಕೆ ಇಳಿಯುತ್ತವೆ. ಆಗ ಸೋಂಕು ತಗುಲಿದರೆ ಕೀವು, ಕೆಂಪು, ಊತ ಯಾವುದೂ ಕಾಣದೆ ಜ್ವರವೊಂದೇ ಲಕ್ಷಣವಾಗಿರಬಹುದು, ಏಕೆಂದರೆ ಆ ಗುರುತುಗಳನ್ನು ಉಂಟುಮಾಡುವ ಕಣಗಳೇ ಕಡಿಮೆಯಿರುತ್ತವೆ. ಥರ್ಮಾಮೀಟರ್ 38 ಡಿಗ್ರಿ ಸೆಲ್ಸಿಯಸ್, ಎಂದರೆ ಫ್ಯಾರನ್‌ಹೀಟಿನಲ್ಲಿ 100.4, ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ, ಇಲ್ಲವೇ ಜ್ವರವಿಲ್ಲದೆಯೂ ಮೈ ನಡುಗುವ ಚಳಿ ಬಂದರೆ, ರಾತ್ರಿ ಎಷ್ಟೇ ಗಂಟೆಯಾಗಿರಲಿ ಆಸ್ಪತ್ರೆಗೆ ಹೊರಡಬೇಕು. ಅಲ್ಲಿ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಮೈಗೆ ಸೇರಬೇಕು ಎಂಬುದು ಗುರಿ. ‘ಕೀಮೋ ನಡೆಯುತ್ತಿದೆ’ ಎಂಬುದನ್ನು ಬಾಗಿಲಲ್ಲೇ ಹೇಳಿ, ಸಾಲಿನಲ್ಲಿ ಕುಳಿತಿರಬೇಡಿ. ಜ್ವರ ಅಳೆಯುವ ಮೊದಲು ಪ್ಯಾರಾಸಿಟಮಾಲ್ ಕೊಟ್ಟರೆ ಅಂಕಿ ಇಳಿಯುತ್ತದೆ, ಅಪಾಯ ಇಳಿಯುವುದಿಲ್ಲ. ಈ ಒಂದು ತಪ್ಪಿನಿಂದ ಕಳೆದುಹೋದ ಗಂಟೆಗಳನ್ನು ನಾನು ಹಲವು ಮನೆಗಳ ನೋಟ್‌ಬುಕ್ಕುಗಳಲ್ಲಿ ಓದಿದ್ದೇನೆ.

ಎರಡನೆಯದು ಭೇದಿ. ಮಾಮೂಲಿಗಿಂತ ದಿನಕ್ಕೆ ನಾಲ್ಕು ಬಾರಿ ಹೆಚ್ಚಾದರೆ, ಇಲ್ಲವೇ ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ, ಮುಂದಿನ ಕ್ಯಾಪೆಸಿಟಬೀನ್ ಮಾತ್ರೆ ನುಂಗುವ ಮೊದಲು ಫೋನ್ ಮಾಡಿ. ಬಾಯಿಹುಣ್ಣಿನಿಂದ ಊಟ ಮಾಡಲಾಗದಿದ್ದರೆ, ಒಂದು ದಿನದಲ್ಲಿ ಹಲವು ಬಾರಿ ವಾಂತಿಯಾಗಿ ನೀರೂ ನಿಲ್ಲದಿದ್ದರೆ, ಅಂಗೈ ಅಂಗಾಲುಗಳು ಕೆಂಪಾಗಿ ನೋಯತೊಡಗಿದರೆ ಕೂಡ ಮಾತ್ರೆ ನಿಲ್ಲಿಸಿ ಕೇಳಬೇಕು. ಕೊಟ್ಟ ಮಾತ್ರೆಯನ್ನು ಮುಗಿಸಲೇಬೇಕೆಂಬ ಶಿಸ್ತು ಆಂಟಿಬಯಾಟಿಕ್ಕಿಗೆ ಸರಿ. ಕ್ಯಾಪೆಸಿಟಬೀನಿಗೆ ಅದು ಅಪಾಯಕಾರಿ. ತಪ್ಪಿದ ಮಾತ್ರೆಯನ್ನು ಮುಂದಿನ ಹೊತ್ತಿಗೆ ಸೇರಿಸಿ ಎರಡರಷ್ಟು ನುಂಗುವುದೂ ಕೂಡದು. ಎದೆನೋವು ಬಂದರೆ ಮಾತ್ರೆ ತಕ್ಷಣ ನಿಲ್ಲಿಸಿ ತುರ್ತು ವಿಭಾಗಕ್ಕೆ ಹೋಗಿ. ಈ ಔಷಧಿ ಕೆಲವರಲ್ಲಿ ಹೃದಯದ ರಕ್ತನಾಳಗಳು ಬಿಗಿದುಕೊಳ್ಳುವಂತೆ ಮಾಡುತ್ತದೆ.

ಇಲ್ಲಿ ಮೊದಲ ಸುತ್ತಿಗೆ ಮುನ್ನವೇ ಕೇಳಬೇಕಾದ ಪ್ರಶ್ನೆಯೊಂದಿದೆ. ಕ್ಯಾಪೆಸಿಟಬೀನ್ ದೇಹದೊಳಗೆ ಫ್ಲೂರೋಯುರಾಸಿಲ್ ಆಗಿ ಮಾರ್ಪಡುತ್ತದೆ. ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತು ಸಂಗಡಿಗರು 1957ರಲ್ಲಿ ವರದಿ ಮಾಡಿದ, ಇಂದಿಗೂ ಕರುಳಿನ ಕ್ಯಾನ್ಸರಿನ ಚಿಕಿತ್ಸೆಗೆ ಬೆನ್ನೆಲುಬಾಗಿರುವ ಔಷಧಿ ಅದು. ಅದರ ಶೇಕಡಾ 80ಕ್ಕೂ ಹೆಚ್ಚು ಪಾಲನ್ನು ಯಕೃತ್ತಿನಲ್ಲಿರುವ ಡಿಪಿಡಿ ಎಂಬ ಕಿಣ್ವ ಒಡೆದುಹಾಕುತ್ತದೆ. ಹುಟ್ಟಿನಿಂದಲೇ ಈ ಕಿಣ್ವ ಕಡಿಮೆಯಿರುವ ಕೆಲವರಿಗೆ ಮಾಮೂಲಿ ಪ್ರಮಾಣವೇ ವಿಷವಾಗಬಲ್ಲದು. ಚಿಕಿತ್ಸೆಗೆ ಮುನ್ನ ಇದನ್ನು ಪರೀಕ್ಷಿಸಬೇಕೆಂದು ಯುರೋಪಿನ ಔಷಧಿ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿತು. ನಿಮ್ಮ ಆಸ್ಪತ್ರೆಯಲ್ಲಿ ಆ ಪರೀಕ್ಷೆ ಸಿಗುತ್ತದೆಯೇ ಎಂದು ಕೇಳಿ. ಮೊದಲ ಸುತ್ತಿನ ಆರಂಭದ ದಿನಗಳಲ್ಲೇ ತೀವ್ರ ಭೇದಿ, ಬಾಯಿಹುಣ್ಣು, ಗೊಂದಲ ಕಂಡರೆ ಈ ಕೊರತೆಯನ್ನು ಶಂಕಿಸಬೇಕು. ಇದಕ್ಕೆ ಯುರಿಡೀನ್ ಟ್ರೈಅಸಿಟೇಟ್ ಎಂಬ ಪ್ರತ್ಯೌಷಧಿ ಇದೆ, ಆದರೆ ಅದನ್ನು ಕೊನೆಯ ಮಾತ್ರೆ ನುಂಗಿದ 96 ಗಂಟೆಗಳೊಳಗೆ ಆರಂಭಿಸಬೇಕು. ಮೂತ್ರಪಿಂಡದ ಸಾಮರ್ಥ್ಯ ಕಡಿಮೆಯಿದ್ದರೂ ಪ್ರಮಾಣ ಇಳಿಸಬೇಕಾಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಮಾತ್ರೆಗಳು ಕ್ಯಾಪೆಸಿಟಬೀನ್ ಜೊತೆ ಸೇರಿದಾಗ ರಕ್ತದಲ್ಲಿ ಅವುಗಳ ಪ್ರಭಾವ ಹೆಚ್ಚುತ್ತದೆ. ಫೋಲಿಕ್ ಆಸಿಡ್ ಇರುವ ಟಾನಿಕ್‌ಗಳು ಕ್ಯಾಪೆಸಿಟಬೀನಿನ ವಿಷತ್ವವನ್ನೇ ಹೆಚ್ಚಿಸಬಲ್ಲವು. ‘ಶಕ್ತಿಗೆ ಒಳ್ಳೆಯದು’ ಎಂದು ನೆಂಟರು ತಂದುಕೊಡುವ ಪುಡಿ, ಕಷಾಯ, ವಿಟಮಿನ್ ಡಬ್ಬಗಳನ್ನೆಲ್ಲ ವೈದ್ಯರಿಗೆ ತೋರಿಸದೆ ಬಾಯಿಗೆ ಹಾಕಬಾರದು; ಬೈಸಿಕೊಳ್ಳುವ ಭಯದಿಂದ ಮುಚ್ಚಿಡುವುದು ಇನ್ನೂ ಕೆಟ್ಟದ್ದು.

ಆಕ್ಸಾಲಿಪ್ಲಾಟಿನ್ ಕಾಡುವುದು ನರಗಳನ್ನು. ಡ್ರಿಪ್ ಆದ ಕೆಲವೇ ಗಂಟೆಗಳಲ್ಲಿ ತಣ್ಣನೆಯದನ್ನು ಮುಟ್ಟಿದರೆ ಬೆರಳಿಗೆ ಮುಳ್ಳು ಚುಚ್ಚಿದಂತಾಗುತ್ತದೆ, ತಣ್ಣೀರು ಕುಡಿದರೆ ಗಂಟಲು ಕಟ್ಟಿದಂತಾಗಿ ಉಸಿರು ನಿಲ್ಲುವ ಭಯವಾಗುತ್ತದೆ. ಉಸಿರಾಟಕ್ಕೆ ನಿಜವಾದ ಅಡ್ಡಿ ಇರುವುದಿಲ್ಲ; ಬೆಚ್ಚನೆಯದನ್ನು ಗುಟುಕರಿಸಿದರೆ ಸರಿಹೋಗುತ್ತದೆ. ಹೀಗಾಗುತ್ತದೆ ಎಂದು ಮೊದಲೇ ತಿಳಿಸಿದ್ದರೆ ರೋಗಿ ಹೆದರುವುದಿಲ್ಲ. ಈ ತೊಂದರೆ ಇರುವಷ್ಟು ದಿನ ಫ್ರಿಜ್ ತೆರೆಯುವ, ತಣ್ಣೀರಿನಲ್ಲಿ ಪಾತ್ರೆ ತೊಳೆಯುವ ಕೆಲಸ ಬೇರೆಯವರದಾಗಲಿ. ಫ್ಲೂರೋಯುರಾಸಿಲನ್ನು ರಕ್ತನಾಳಕ್ಕೆ ಒಮ್ಮೆಲೇ ಚುಚ್ಚಿ ಕೊಡುವಾಗ ಬಾಯಿಹುಣ್ಣು ತಡೆಯಲು ಐಸ್ ಚೀಪಿಸುವ ರೂಢಿಯಿದೆ. ಅದನ್ನು ಎಲ್ಲೋ ಓದಿ ಆಕ್ಸಾಲಿಪ್ಲಾಟಿನ್ ದಿನ ನಿಮ್ಮ ತಾಯಿಯವರಿಗೆ ಐಸ್ ಕೊಟ್ಟೀರಿ, ಜೋಕೆ. ಈ ತಣ್ಣನೆಯ ಚುಚ್ಚು ಕೆಲವು ದಿನಗಳಲ್ಲಿ ಹೋಗುತ್ತದೆ. ಹೋಗದೆ ಉಳಿಯುವ ಜೋಮು ಬೇರೆ: ಅದು ಸುತ್ತಿನಿಂದ ಸುತ್ತಿಗೆ ಕೂಡುತ್ತಾ ಬರುತ್ತದೆ ಮತ್ತು ಔಷಧಿ ನಿಂತ ಮೇಲೂ ಕೆಲವು ತಿಂಗಳು ಹೆಚ್ಚಬಹುದು. ಗುಂಡಿ ಹಾಕಿಕೊಳ್ಳುವುದು, ಸೂಜಿಗೆ ದಾರ ಪೋಣಿಸುವುದು, ಹೂ ಕಟ್ಟುವುದು ಇಂಥ ಕೆಲಸಗಳಲ್ಲಿ ಬೆರಳು ಸೋಲುತ್ತಿದೆಯೇ ಎಂದು ಪ್ರತಿ ಸುತ್ತಿಗೂ ಮುನ್ನ ಕೇಳಿ ವೈದ್ಯರಿಗೆ ಹೇಳಿ. ಔಷಧಿ ನಿಂತುಹೋದೀತು ಎಂಬ ಅಂಜಿಕೆಯಿಂದ ರೋಗಿಗಳು ಇದನ್ನು ಮುಚ್ಚಿಡುವುದುಂಟು. ಪ್ರಮಾಣ ಇಳಿಸುವುದು, ಒಂದು ವಾರ ಮುಂದೂಡುವುದು ಚಿಕಿತ್ಸೆಯ ಸೋಲಲ್ಲ. ಅದು ಚಿಕಿತ್ಸೆಯನ್ನು ನಡೆಸುವ ಕ್ರಮವೇ ಆಗಿದೆ.

ಅಂಗೈ ಅಂಗಾಲಿನ ಉರಿಗೆ ಬಿಗಿಯಾದ ಚಪ್ಪಲಿ, ಬಿಸಿನೀರು, ಉಜ್ಜುವ ಕೆಲಸಗಳಿಂದ ದೂರವಿರುವುದು ಮತ್ತು ಯೂರಿಯಾ ಇರುವ ಕ್ರೀಮ್ ಮೊದಲ ದಿನದಿಂದಲೇ ಹಚ್ಚುವುದು ನೆರವಾಗುತ್ತದೆ. ಡೈಕ್ಲೊಫೆನಾಕ್ ಜೆಲ್ ಹಚ್ಚಿದವರಲ್ಲಿ ಈ ತೊಂದರೆ ಮಧ್ಯಮ ಅಥವಾ ತೀವ್ರ ಮಟ್ಟಕ್ಕೆ ಹೋದದ್ದು ನೂರಕ್ಕೆ 3.8, ಔಷಧಿಯಿಲ್ಲದ ಜೆಲ್ ಹಚ್ಚಿದವರಲ್ಲಿ 15 ಎಂದು ಭಾರತದಲ್ಲಿ 264 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು; ನಿಮ್ಮ ತಾಯಿಯವರಿಗೆ ಅದು ಹೊಂದುವುದೇ ಎಂದು ವಿಚಾರಿಸಬಹುದು. ಮಾತ್ರೆಗಳನ್ನು ಊಟವಾದ 30 ನಿಮಿಷಗಳೊಳಗೆ ನೀರಿನೊಡನೆ ಇಡಿಯಾಗಿ ನುಂಗಬೇಕು, ಪುಡಿ ಮಾಡಬಾರದು. ವಾಂತಿ ತಡೆಯುವ ಮಾತ್ರೆಯನ್ನು ವಾಕರಿಕೆ ಬಂದ ಮೇಲಲ್ಲ, ಹೇಳಿದ ಹೊತ್ತಿಗೆ, ಮುಂಚಿತವಾಗಿಯೇ ಕೊಡಿ. ಕೀಮೋ ಎಂದರೆ ಬಕೆಟ್ ಹಿಡಿದು ಕೂರುವುದು ಎಂಬ ಚಿತ್ರ, ಒಂಡಾನ್ಸೆಟ್ರಾನಿನಂಥ ಮಾತ್ರೆಗಳು ಬರುವುದಕ್ಕೆ ಮುಂಚಿನ ಕಾಲದಿಂದ ನಮ್ಮ ಮನಸ್ಸಿನಲ್ಲಿ ಉಳಿದುಬಂದದ್ದು. ಕೂದಲ ವಿಷಯಕ್ಕೂ ಅಷ್ಟೆ: ಈ ಎರಡು ಔಷಧಿಗಳಿಂದ ಕೂದಲು ತೆಳ್ಳಗಾಗಬಹುದು, ತಲೆ ಬೋಳಾಗುವುದು ಅಪರೂಪ. ನಿಮ್ಮ ತಾಯಿಯವರು ಬಾಯಿಬಿಟ್ಟು ಕೇಳದಿದ್ದರೂ ಇದನ್ನು ಅವರಿಗೆ ಹೇಳಿ.

ಅಮ್ಮನನ್ನು ಮುಟ್ಟಬಹುದೇ, ಒಂದೇ ಕೋಣೆಯಲ್ಲಿ ಮಲಗಬಹುದೇ ಎಂಬ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೆ ಬಹಳ ಜನ ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತಾರೆ. ಧಾರಾಳವಾಗಿ ಮುಟ್ಟಬಹುದು, ಅಪ್ಪಿಕೊಳ್ಳಬಹುದು, ಒಟ್ಟಿಗೆ ಉಣ್ಣಬಹುದು. ಡ್ರಿಪ್ ಆದ 48 ಗಂಟೆಗಳಲ್ಲಿ ಮತ್ತು ಮಾತ್ರೆ ನುಂಗುವ ದಿನಗಳಲ್ಲಿ ಮಲ, ಮೂತ್ರ, ವಾಂತಿಯನ್ನು ತೆಗೆಯುವವರು ಕೈಗವಸು ಹಾಕಿಕೊಳ್ಳಲಿ, ಶೌಚಾಲಯದ ಮುಚ್ಚಳ ಹಾಕಿ ಎರಡು ಬಾರಿ ನೀರು ಬಿಡಲಿ. ಬಸುರಿಯರು ಈ ಮಾತ್ರೆಗಳನ್ನು ಬರಿಗೈಯಲ್ಲಿ ಮುಟ್ಟದಿರಲಿ. ನೆಗಡಿ, ಜ್ವರ ಇರುವ ಅತಿಥಿಗಳನ್ನು ಬಾಗಿಲಲ್ಲೇ ವಿನಯದಿಂದ ಹಿಂದಕ್ಕೆ ಕಳಿಸುವ ಕೆಲಸವನ್ನು ನೀವೇ ಮಾಡಬೇಕು, ರೋಗಿಯ ಬಾಯಲ್ಲಿ ಹೇಳಿಸಬಾರದು.

ದಣಿವು ಮಾತ್ರ ನಾಲ್ಕು ಸುತ್ತುಗಳಲ್ಲೂ ಇರುತ್ತದೆ, ಮಲಗಿದರೆ ಹೋಗುವಂಥದ್ದಲ್ಲ. ನಡಿಗೆಯನ್ನು ನಿಲ್ಲಿಸದಿರುವುದೇ ಅದಕ್ಕೆ ಇರುವ ಒಳ್ಳೆಯ ಮದ್ದು. ಕೀಮೋ ಮುಗಿದ ಮೇಲೆ ಅದೇ ನಡಿಗೆಗೆ ಇನ್ನೂ ದೊಡ್ಡ ಕೆಲಸವಿದೆ: ಕರುಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮತ್ತು ಕೀಮೋ ಮುಗಿಸಿದ 889 ಜನರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತುದಾರರ ನೆರವಿನಿಂದ ಮೂರು ವರ್ಷ ವ್ಯಾಯಾಮ ಮಾಡಿದವರಲ್ಲಿ ಎಂಟು ವರ್ಷಗಳ ನಂತರ ಬದುಕಿದ್ದವರು ನೂರಕ್ಕೆ 90.3, ಆರೋಗ್ಯದ ಕೈಪಿಡಿ ಮಾತ್ರ ಪಡೆದವರಲ್ಲಿ 83.2. ತಂದೆಯವರೊಡನೆ ಈಗ ಆರಂಭವಾಗುವ ಐದು ನಿಮಿಷಗಳನ್ನು ಆ ದೃಷ್ಟಿಯಿಂದಲೂ ನೋಡಿ. ಎರಡು ವಾರಗಳಿಗೂ ಮೀರಿ ಅಮ್ಮ ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆಗೆಟ್ಟು, ಅಳುತ್ತಾ ಇದ್ದರೆ ಅದನ್ನು ದಣಿವಿನ ಲೆಕ್ಕಕ್ಕೆ ಸೇರಿಸದೆ ವೈದ್ಯರಿಗೆ ಹೇಳಿ, ಖಿನ್ನತೆಗೂ ಚಿಕಿತ್ಸೆಯಿದೆ. ನಿಮ್ಮ ಮೂವರಲ್ಲಿ ಯಾರಿಗಾದರೂ ಹಾಗಾದರೂ ಇದೇ ಮಾತು.

ಕೊನೆಯದಾಗಿ, ನೀವು ಕೇಳದಿದ್ದರೂ ನಿಮಗೆ ಮತ್ತು ನಿಮ್ಮ ಅಣ್ಣನಿಗೆ ಸಂಬಂಧಿಸಿದ ಒಂದು ವಿಷಯ. ತೆಗೆದ ಗಡ್ಡೆಯ ಮೇಲೆ ಮಿಸ್‌ಮ್ಯಾಚ್ ರಿಪೇರ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಡಿಎನ್‌ಎ ತಪ್ಪುಗಳನ್ನು ತಿದ್ದುವ ಪ್ರೋಟೀನುಗಳು ಅದರಲ್ಲಿ ಇಲ್ಲವೆಂದು ತಿಳಿದರೆ ಚಿಕಿತ್ಸೆಯ ಯೋಜನೆಯೇ ಬದಲಾಗಬಹುದು, ಮತ್ತು ಅದು ಲಿಂಚ್ ಸಿಂಡ್ರೋಮ್ ಎಂಬ ವಂಶವಾಹಿ ಸ್ಥಿತಿಯಿಂದ ಬಂದದ್ದೇ ಎಂದು ಮುಂದಿನ ಪರೀಕ್ಷೆಗಳಿಂದ ನೋಡಬೇಕಾಗುತ್ತದೆ. ಹಾಗಿದ್ದರೆ ಅದು ನಿಮ್ಮಿಬ್ಬರಲ್ಲಿ ಯಾರಿಗೆ ಬಂದಿದೆಯೋ ಅವರಿಗೆ ಕೊಲೊನೊಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಚಿಕ್ಕ ವಯಸ್ಸಿನಿಂದಲೇ, ಒಂದೆರಡು ವರ್ಷಕ್ಕೊಮ್ಮೆ ಬೇಕಾಗುತ್ತದೆ. ಹಾಗಿಲ್ಲದಿದ್ದರೂ, ಹೆತ್ತವರಲ್ಲಿ ಒಬ್ಬರಿಗೆ ಕರುಳಿನ ಕ್ಯಾನ್ಸರ್ ಬಂದಿರುವುದರಿಂದ, 40 ವರ್ಷ ತುಂಬಿದೊಡನೆ ನೀವು ತಪಾಸಣೆ ಆರಂಭಿಸಬೇಕು. ಅಮ್ಮನ ಮುಂದಿನ ಭೇಟಿಯ ದಿನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಈ ಪ್ರಶ್ನೆಯನ್ನೂ ಬರೆದುಕೊಂಡು ಹೋಗಿ.